ಮನೆವಾರ್ತೆ: ಪರದೇಶದ ಹಣಕ್ಕೆ ಬೇಂಕಿನ ಗುರುತು

ಮಗನೋ ಅಳಿಯನೋ ದುಬೈ, ಮಸ್ಕತ್, ಕುವೈತುಗಳಲ್ಲಿ ದುಡಿಯುತ್ತಿರುವ ಮನೆಗಳು ಪುತ್ತೂರು, ಸುಳ್ಯ, ಕಡಬ ಸೀಮೆಗಳಲ್ಲಿ ಅನೇಕವುಂಟು. ಅಲ್ಲಿಂದ ಬರುವ ಹಣವು ಮಕ್ಕಳ ಶುಲ್ಕಕ್ಕೋ ತೋಟದ ಸಾಲಕ್ಕೋ ಹಿರಿಯರ ಔಷಧಕ್ಕೋ ಗೊತ್ತಾದ ದಿನದಂದು ಕೈಸೇರಬೇಕಾದುದು. ಆದುದರಿಂದ ಆ ಹಣಕ್ಕೆ ವಿಳಾಸ ಬರೆದುಕೊಡುವ ಕ್ರಮವನ್ನು ಮನೆಯ ಯಜಮಾನ್ತಿಯರು ತಿಳಿದಿರಬೇಕೆಂದು ನಾವು ಭಾವಿಸುತ್ತೇವೆ.

ಬೇಂಕಿನ ಗುರುತುಗಳು ಎರಡು ಬಗೆ. ಭಾರತದೊಳಗಿನ ವ್ಯವಹಾರಕ್ಕೆ ಸಲ್ಲತಕ್ಕುದು ಐ.ಎಫ್.ಎಸ್.ಸಿ. ಇದರಲ್ಲಿ ಹನ್ನೊಂದು ಸ್ಥಾನಗಳಿವೆ. ಮೊದಲಿನ ನಾಲ್ಕು ಬೇಂಕನ್ನೂ ಕೊನೆಯ ಆರು ಶಾಖೆಯನ್ನೂ ಸೂಚಿಸುವುವು. ನಡುವಿನ ಐದನೆಯದು ಸೊನ್ನೆ. ಅದನ್ನು ಇಂಗ್ಲಿಷಿನ ‘ಓ’ ಅಕ್ಷರವೆಂದು ಓದಬಾರದು.

ಎರಡನೆಯದು ಸ್ವಿಫ್ಟ್ ಗುರುತು. 1973ರಲ್ಲಿ 15 ದೇಶಗಳ 239 ಬೇಂಕುಗಳು ಕೂಡಿ ಬೆಲ್ಜಿಯಮಿನಲ್ಲಿ ಸ್ಥಾಪಿಸಿದ ಸಂಘದ ಹೆಸರಿದು. ಅದರ ಕಾರ್ಯವು 1977ರಲ್ಲಿ ಆರಂಭವಾಯಿತು. ಈ ಸಂಘವು ಹಣವನ್ನು ಹೊತ್ತು ತರುವುದಿಲ್ಲ. ಇಂಥವರಿಗೆ ಇಷ್ಟು ಕೊಡಿರೆಂಬ ಆದೇಶವನ್ನು ಒಂದು ಬೇಂಕಿನಿಂದ ಇನ್ನೊಂದಕ್ಕೆ ಮುಟ್ಟಿಸುವುದು, ಅಷ್ಟೇ. ಮಂಗಳೂರಿನ ಕರ್ಣಾಟಕ ಬೇಂಕಿನ ಗುರುತನ್ನೇ ನೋಡಿರಿ: ಕೆ.ಎ.ಆರ್.ಬಿ. ಎಂಬುದು ಬೇಂಕು, ಐ.ಎನ್. ಎಂಬುದು ಭಾರತ, ಬಿ.ಬಿ. ಎಂಬುದು ಸ್ಥಾನಸೂಚಕ. ಇದರ ಮುಂದೆ ಶಾಖೆಯನ್ನು ತೋರಿಸುವ ಮೂರಕ್ಷರಗಳು ಇದ್ದರೂ ಇರಬಹುದು.

ಚಿಕ್ಕ ಊರಿನ ಶಾಖೆಗೆ ಸ್ವಂತ ಸ್ವಿಫ್ಟ್ ಗುರುತು ಇಲ್ಲವೆಂದು ಗಾಬರಿಪಡುವ ಕಾರಣವಿಲ್ಲ. ಆದೇಶವು ಬೇಂಕಿನ ವಿದೇಶೀ ವಿನಿಮಯ ಕಚೇರಿಗೆ ಬಂದು, ಅಲ್ಲಿಂದ ಖಾತೆಗೆ ಹಣ ಜಮೆಯಾಗುವುದು. ಗಲ್ಫಿನ ಹಣ ವಿನಿಮಯದ ಅಂಗಡಿಗಳು ಸಾಮಾನ್ಯವಾಗಿ ಐ.ಎಫ್.ಎಸ್.ಸಿ.ಯನ್ನೂ, ನೇರವಾಗಿ ಕಳುಹಿಸುವ ಬೇಂಕುಗಳು ಸ್ವಿಫ್ಟನ್ನೂ ಕೇಳುವುವು. ಎರಡನ್ನೂ ಬರೆದುಕೊಟ್ಟರೆ ಕ್ಷೇಮ. ಯುರೋಪಿನವರು ‘ಐಬಾನ್’ ಎಂಬ ಸಂಖ್ಯೆಯನ್ನು ಕೇಳಿದರೆ, ಅದು ಭಾರತದಲ್ಲಿ ಬಳಕೆಯಲ್ಲಿಲ್ಲವೆಂದು ತಿಳಿಸಿ ಖಾತೆಯ ಸಂಖ್ಯೆಯನ್ನೇ ಕೊಡತಕ್ಕದ್ದು.

ನಮ್ಮ ಜಿಲ್ಲೆಯವರಿಗೆ ವಿಶೇಷವಾಗಿ ಹೇಳಬೇಕಾದ ಮಾತೊಂದಿದೆ. ಈ ಕರಾವಳಿಯು ಬೇಂಕುಗಳ ತವರು. ಆದರೆ 1931ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ವಿಜಯಾ ಬೇಂಕು 2019ರ ಎಪ್ರಿಲ್ 1ರಂದು ಬರೋಡಾ ಬೇಂಕಿನಲ್ಲಿ ಲೀನವಾಯಿತು. ಉಡುಪಿಯಲ್ಲಿ 1906ರಲ್ಲಿ ಹುಟ್ಟಿದ ಕಾರ್ಪೊರೇಶನ್ ಬೇಂಕು ಯೂನಿಯನ್ ಬೇಂಕಿನಲ್ಲಿಯೂ, ಅಲ್ಲಿಯೇ 1925ರಲ್ಲಿ ಹುಟ್ಟಿದ ಸಿಂಡಿಕೇಟ್ ಬೇಂಕು ಕೆನರಾ ಬೇಂಕಿನಲ್ಲಿಯೂ 2020ರ ಎಪ್ರಿಲ್ 1ರಂದು ಸೇರಿಹೋದುವು. ಹೆಸರು ಹೋದುದಕ್ಕೆ ವ್ಯಸನಪಟ್ಟವರು ಬಹಳ. ಹೆಸರಿನ ಜತೆಯಲ್ಲಿ ಗುರುತೂ ಹೋಯಿತೆಂಬುದನ್ನು ಗಮನಿಸಿದವರು ಕಡಿಮೆ. ಸಿಂಡಿಕೇಟಿನ ಎಸ್.ವೈ.ಎನ್.ಬಿ. ಎಂದು ಮೊದಲಾಗುವ ಐ.ಎಫ್.ಎಸ್.ಸಿ. ಮತ್ತು ಸ್ವಿಫ್ಟ್ ಗುರುತುಗಳು 2021ರ ಜುಲೈ 1ರಿಂದ ನಿಂತುಹೋಗಿವೆ; ಈಗ ಸಲ್ಲುವುವು ಕೆನರಾದ ಸಿ.ಎನ್.ಆರ್.ಬಿ. ಎಂದು ಮೊದಲಾಗುವುವು. ಉಳಿದೆರಡರ ಹಳೆಯ ಐ.ಎಫ್.ಎಸ್.ಸಿ.ಗಳೂ ಅದೇ ವರ್ಷ ರದ್ದಾದುವು. ಹಳೆಯ ಪಾಸುಪುಸ್ತಕವನ್ನು ನೋಡಿ ಬರೆದುಕೊಟ್ಟ ವಿಳಾಸವು ಮಗನ ಫೋನಿನಲ್ಲಿ ಇಂದಿಗೂ ಉಳಿದಿದ್ದರೆ ಹಣವು ಬಂದ ದಾರಿಗೆ ಸುಂಕ ತೆತ್ತು ಹಿಂದಿರುಗೀತು. ಇಂದೇ ಶಾಖೆಗೆ ಹೋಗಿ ಹೊಸ ಪಾಸುಪುಸ್ತಕವನ್ನು ಪಡೆದು, ಅದರಲ್ಲಿರುವ ಹೆಸರನ್ನು ಅಕ್ಷರಶಃ ಹಾಗೆಯೇ ಬರೆದು ಕಳುಹಿಸಿರಿ.

ಹಣ ಹೊರಟು ವಾರ ಕಳೆದರೂ ಬಾರದಿದ್ದರೆ, ಕಳುಹಿಸಿದವನು ತನ್ನ ಬೇಂಕಿನಿಂದ ಸ್ವಿಫ್ಟ್ ಸಂದೇಶದ ಪ್ರತಿಯನ್ನು ಕೇಳಿ ತರಿಸಲಿ. ಅದನ್ನು ಇಲ್ಲಿಯ ಶಾಖೆಯಲ್ಲಿ ತೋರಿಸಿದರೆ ಹಣ ಎಲ್ಲಿ ನಿಂತಿದೆಯೆಂದು ಹುಡುಕುವುದು ಸುಲಭ. ನಡುವೆ ಬೇರೊಂದು ಬೇಂಕಿನ ಕೈ ದಾಟಿದ್ದರೆ ಅದರ ದಸ್ತೂರಿ ಕಳೆದು ಮೊತ್ತವು ಸ್ವಲ್ಪ ಕಡಿಮೆಯಾಗಿ ಬರುವುದೂ ಉಂಟು. ಅದಕ್ಕಾಗಿ ಮಗನನ್ನು ಆಕ್ಷೇಪಿಸಬಾರದು.

ಗುರುತನ್ನು ಹೇಳಿದರೆ ಕಳ್ಳರು ಹಣ ಒಯ್ಯುವರೆಂಬ ಭಯ ಕೆಲವರಿಗಿದೆ. ಸ್ವಿಫ್ಟ್ ಮತ್ತು ಐ.ಎಫ್.ಎಸ್.ಸಿ.ಗಳು ಬಹಿರಂಗವಾದುವು, ಬೀದಿಯ ಹೆಸರಿನಂತೆ. ಯಾರಿಗೂ ಹೇಳಕೂಡದುದು ಫೋನಿಗೆ ಬರುವ ಓ.ಟಿ.ಪಿ. ಮತ್ತು ಕಾರ್ಡಿನ ಗುಪ್ತಸಂಖ್ಯೆ. ಹಣ ಜಮೆ ಮಾಡುವುದಕ್ಕೆ ಅವೆರಡೂ ಬೇಕಾಗುವುದಿಲ್ಲ. ಬೇಕೆಂದು ಕೇಳಿದವನು ಬೇಂಕಿನವನಲ್ಲ.