ಉಳಿತಾಯದ ಪಾಠಕ್ಕಿಂತ ಮೊದಲು ಬಡ್ಡಿಯ ಲೆಕ್ಕ

ಮಕ್ಕಳಿಗೆ ಹಣದ ನಿರ್ವಹಣೆ ಕಲಿಸಬೇಕು ಎಂದಾಗ ನಮ್ಮ ಪಾಠಯೋಜನೆಗಳು ಸಾಮಾನ್ಯವಾಗಿ ಮಣ್ಣಿನ ಹುಂಡಿಯಿಂದ ಶುರುವಾಗುತ್ತವೆ. ಹನಿ ಹನಿ ಕೂಡಿದರೆ ಹಳ್ಳ, ದುಂದುವೆಚ್ಚ ಬೇಡ, ಹಾಸಿಗೆ ಇದ್ದಷ್ಟು ಕಾಲು ಚಾಚು. ಒಳ್ಳೆಯ ಮಾತುಗಳೇ. ಆದರೆ ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳ ಶಾಲೆಗಳಲ್ಲಿ ಬೋಧನಾಭ್ಯಾಸ ಮಾಡುವ ನಾವು ಬಡ್ಡಿಯ ಲೆಕ್ಕದಿಂದ ಆರಂಭಿಸಬೇಕು ಎಂಬುದು ನನ್ನ ಅಭಿಪ್ರಾಯ. ಇಲ್ಲಿನ ಅನೇಕ ಮಕ್ಕಳು ಮನೆಯಲ್ಲಿ ಉಳಿತಾಯಕ್ಕಿಂತ ಮೊದಲು ನೋಡುವುದು ಸಾಲವನ್ನು.

2025ರ ಜನವರಿಯ ಪತ್ರಿಕೆಗಳನ್ನು ನೆನಪಿಸಿಕೊಳ್ಳಿ. ಸಾಲ ವಸೂಲಿಯ ಕಿರುಕುಳಕ್ಕೆ ಹೆದರಿ ನಮ್ಮ ಚಾಮರಾಜನಗರ ಜಿಲ್ಲೆಯ ಹಳ್ಳಿಗಳಲ್ಲೂ ಕುಟುಂಬಗಳು ಮನೆಗೆ ಬೀಗ ಹಾಕಿ ಊರು ಬಿಟ್ಟ ಸುದ್ದಿ ಬಂತು. ಮುಂದಿನ ತಿಂಗಳೇ ಕಿರು ಸಾಲ, ಸಣ್ಣ ಸಾಲಗಳ ವಸೂಲಿಯಲ್ಲಿ ಬಲವಂತ ತಡೆಯಲು ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದಿತು; ತಪ್ಪಿತಸ್ಥರಿಗೆ 10 ವರ್ಷದವರೆಗೆ ಜೈಲು, 5 ಲಕ್ಷ ರೂ.ವರೆಗೆ ದಂಡ. ಊರು ಬಿಟ್ಟ ಮನೆಯ ಮಗು ಶಾಲೆಯನ್ನೂ ಬಿಟ್ಟಿರುತ್ತದೆ. ಹಾಗಾಗಿ ಇದು ನಮಗೆ ಸಂಬಂಧಪಡದ ವಿಷಯವಲ್ಲ.

ಪಠ್ಯದಲ್ಲಿ ಬಡ್ಡಿ ಇಲ್ಲವೆಂದಲ್ಲ. ಏಳು, ಎಂಟನೇ ತರಗತಿಯ ಗಣಿತದಲ್ಲಿ ಸರಳ ಬಡ್ಡಿಯೂ ಇದೆ, ಚಕ್ರಬಡ್ಡಿಯೂ ಇದೆ. ತೊಡಕಿರುವುದು ಭಾಷೆಯಲ್ಲಿ. ಪುಸ್ತಕ ಹೇಳುವುದು ವಾರ್ಷಿಕ ಶೇಕಡಾ ದರ. ಊರು ಹೇಳುವುದು ತಿಂಗಳಿಗೆ ನೂರಕ್ಕೆ ಇಷ್ಟು ರೂಪಾಯಿ. ಎಂಟನೇ ತರಗತಿಯಲ್ಲಿ ನಾನು ಶೇ. 12ರ ಲೆಕ್ಕ ಬಿಡಿಸುತ್ತಿದ್ದಾಗ ಒಬ್ಬ ಹುಡುಗಿ ಎದ್ದು ನಿಂತು, “ಮಿಸ್, ಪುಸ್ತಕದಲ್ಲಿ ಹನ್ನೆರಡು ಅಂತದೆ. ನಮ್ಮೂರಲ್ಲಿ ಬರೀ ಮೂರು ರೂಪಾಯ್ ಬಡ್ಡಿ. ನಮ್ಮೂರೇ ವಾಸಿ ಅಲ್ವಾ ಮಿಸ್?” ಎಂದಳು. ಮೂರನ್ನು 12 ತಿಂಗಳಿಂದ ಗುಣಿಸಿದಾಗ ವರ್ಷಕ್ಕೆ ಶೇ. 36 ಬಂತು. ತರಗತಿ ಒಂದು ಕ್ಷಣ ಸುಮ್ಮನಾಯಿತು. ಸೂತ್ರ ಅವರಿಗೆ ಮೊದಲೇ ಗೊತ್ತಿತ್ತು. ಅದು ತಮ್ಮ ಮನೆಯ ಮಾತಿಗೂ ಅನ್ವಯಿಸುತ್ತದೆ ಎಂದು ಯಾರೂ ಹೇಳಿರಲಿಲ್ಲ, ಅಷ್ಟೆ.

ಎರಡನೆಯ ಲೆಕ್ಕ ಕಂತಿನದು. 12,000 ರೂ. ಸಾಲ, ಒಂದು ವರ್ಷ, ‘ಫ್ಲಾಟ್’ ಶೇ. 12 ಬಡ್ಡಿ. ಒಟ್ಟು ಬಡ್ಡಿ 1,440 ರೂ., ತಿಂಗಳ ಕಂತು 1,120 ರೂ. ಇದರಲ್ಲಿ 1,000 ರೂ. ಅಸಲು. ಅಂದರೆ ಮೊದಲ ತಿಂಗಳು ನಮ್ಮ ಕೈಯಲ್ಲಿರುವ ಸಾಲ 12,000 ರೂ., ಎರಡನೆಯ ತಿಂಗಳು 11,000 ರೂ., ಕೊನೆಯ ತಿಂಗಳು ಬರೀ 1,000 ರೂ. ಹನ್ನೆರಡನ್ನೂ ಕೂಡಿಸಿ 12ರಿಂದ ಭಾಗಿಸಿದರೆ ಸರಾಸರಿ 6,500 ರೂ. ಆ 6,500ಕ್ಕೆ 1,440 ರೂ. ಬಡ್ಡಿ ಎಂದರೆ ಶೇ. 22 ದಾಟಿತು. ಕೂಡುವುದು, ಭಾಗಿಸುವುದು ಬಿಟ್ಟರೆ ಇದಕ್ಕೆ ಬೇರೇನೂ ಬೇಡ. ಎಂಟನೇ ತರಗತಿಯ ಮಗು ಒಂದು ಅವಧಿಯಲ್ಲಿ ಮಾಡಿ ಮುಗಿಸುತ್ತದೆ.

ಆಯವ್ಯಯದ ಪಾಠವನ್ನೂ ನಾವು ಈ ನೆಲಕ್ಕೆ ಒಗ್ಗಿಸಿಕೊಳ್ಳಬೇಕು. ‘ರಾಮುವಿನ ತಂದೆಯ ತಿಂಗಳ ಸಂಬಳ’ ಎಂದು ಶುರುವಾಗುವ ಲೆಕ್ಕ ಇಲ್ಲಿನ ಬಹುತೇಕ ಮನೆಗಳಿಗೆ ಹೊಂದುವುದಿಲ್ಲ. ಕೊಳ್ಳೇಗಾಲದ ರೇಷ್ಮೆ ಬೆಳೆಗಾರರಿಗೆ ದುಡ್ಡು ಬರುವುದು ಗೂಡು ಮಾರುಕಟ್ಟೆಯಲ್ಲಿ ಹರಾಜಾದ ದಿನ. ಚಾಕಿ ಹುಳು ತಂದ ಮೇಲೆ ಮೂರು ನಾಲ್ಕು ವಾರ ಬರೀ ಖರ್ಚು. ಹುಳುವಿಗೆ ಹಾಲುತೊಂಡೆ ರೋಗ ಬಂದರೆ ಆ ಬೆಳೆ ಹೋದಂತೆಯೇ. ಕಂತು ಮಾತ್ರ ವಾರ ವಾರ ಬರುತ್ತದೆ. ಯಳಂದೂರು ತಾಲ್ಲೂಕಿನ ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ 2011ರಲ್ಲಿ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು. ಆದರೆ ಜೇನು, ನೆಲ್ಲಿಯ ಆದಾಯ ಋತುವಿನದೇ. ಹನೂರಿನ ಮಳೆಯಾಶ್ರಿತ ಹೊಲಗಳ ಮಾತೂ ಅಷ್ಟೆ. ಆದಾಯ ಬರುವ ದಿನ, ಕಂತು ಕಟ್ಟುವ ದಿನ ಎರಡನ್ನೂ ಒಂದೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿಸಿದರೆ ಮಕ್ಕಳಿಗೆ ತೊಂದರೆ ಎಲ್ಲಿದೆ ಎಂದು ತಾನೇ ಕಾಣುತ್ತದೆ.

ಮಕ್ಕಳ ಸಂತೆ ನಮ್ಮ ಶಾಲೆಗಳಲ್ಲಿ ಈಗಾಗಲೇ ಇದೆ. ಸೊಪ್ಪು, ಕಡಲೆಕಾಯಿ, ಚುರುಮುರಿ ಮಾರಿ ಮಕ್ಕಳು ಲಾಭ ಎಣಿಸುತ್ತಾರೆ. ಅದಕ್ಕೆ ಒಂದೇ ಒಂದು ಸೇರಿಸೋಣ: ಬಂಡವಾಳವನ್ನು ಅಪ್ಪ ಅಮ್ಮನಿಂದ ತರುವ ಬದಲು ‘ತರಗತಿ ಬ್ಯಾಂಕಿ’ನಿಂದ ಚೀಟಿ ಬರೆದು ಸಾಲ ಪಡೆಯಲಿ. ಉಳಿದ ಸೊಪ್ಪು ಬಾಡಿದರೂ ಅಸಲು ತೀರಿಸಬೇಕು ಎಂಬುದು ಸಂಜೆ ಅರ್ಥವಾಗುತ್ತದೆ. ಲೆಕ್ಕವೆಲ್ಲ ಕಾಗದದ ನೋಟಿನಲ್ಲೇ ಇರಲಿ.

ಇದಕ್ಕೆ ಎರಡು ಆಕ್ಷೇಪಗಳನ್ನು ಕೇಳಿದ್ದೇನೆ. ಮನೆಯ ಸಾಲದ ಮಾತು ತರಗತಿಗೆ ಬಂದರೆ ಮಗುವಿಗೆ ಅವಮಾನವಾಗುತ್ತದೆ ಎಂಬುದು ಮೊದಲನೆಯದು. ಇದು ಸರಿಯಾದ ಎಚ್ಚರಿಕೆ. ಆದ್ದರಿಂದ ‘ನಿಮ್ಮ ಮನೆಯಲ್ಲಿ ಎಷ್ಟು ಸಾಲವಿದೆ’ ಎಂದು ಯಾವ ಪ್ರಶಿಕ್ಷಣಾರ್ಥಿಯೂ ಕೇಳಬಾರದು. ಕಲ್ಪಿತ ಕುಟುಂಬವೊಂದನ್ನು ಕೊಟ್ಟು ಲೆಕ್ಕ ಮಾಡಿಸಬೇಕು. ಬಡತನಕ್ಕೆ ಪಾಠ ಮದ್ದಲ್ಲ ಎಂಬುದು ಎರಡನೆಯದು. ಅದೂ ನಿಜ. ಆಸ್ಪತ್ರೆ ಖರ್ಚಿಗೆ ಸಾಲ ಮಾಡುವ ತಾಯಿಗೆ ಲೆಕ್ಕ ಗೊತ್ತಿದ್ದರೂ ಸಾಲ ತಪ್ಪುವುದಿಲ್ಲ. ಆದರೆ ಎರಡು ಸಾಲಗಳಲ್ಲಿ ಯಾವುದು ಹಗುರ ಎಂದು ಮನೆಯಲ್ಲಿ ಒಬ್ಬರಾದರೂ ಹೇಳಬಲ್ಲರು. ಸಾಲಗಾರರಿಗೆ ಅರ್ಥವಾಗುವ ಭಾಷೆಯಲ್ಲೇ ಸಾಲದ ಕಾರ್ಡ್ ಕೊಡಬೇಕು ಎಂದು ಮೈಕ್ರೋಫೈನಾನ್ಸ್ ಸಾಲಗಳಿಗೆ ರಿಸರ್ವ್ ಬ್ಯಾಂಕ್ 2022ರಲ್ಲಿ ನಿಯಮ ಮಾಡಿದೆ. ಅದನ್ನು ಕೇಳಿ ಪಡೆದು ಓದುವವರು ಮನೆಯಲ್ಲಿ ಬೇಕಲ್ಲವೇ?

ಉಳಿತಾಯದ ಪಾಠ ಇದರ ನಂತರ ಬರಲಿ. 10 ವರ್ಷ ತುಂಬಿದ ಮಗು ಬ್ಯಾಂಕಿನ ನಿಯಮದಂತೆ ತನ್ನ ಖಾತೆಯನ್ನು ತಾನೇ ನಡೆಸಬಹುದು. ಅಂಚೆ ಕಚೇರಿಯಲ್ಲೂ ಈ ಅವಕಾಶವಿದೆ. ಒಂಬತ್ತು, ಹತ್ತನೇ ತರಗತಿಯವರಿಗೆ ಮೊಬೈಲ್ ಪಾವತಿಯ ಒಂದು ಸತ್ಯ ಬಾಯಿಪಾಠವಾಗಿರಬೇಕು: ಹಣ ಪಡೆಯಲು ಪಿನ್ ಒತ್ತುವ ಅಗತ್ಯವೇ ಇಲ್ಲ. ಮೋಸವಾದರೆ ಕರೆ ಮಾಡಬೇಕಾದ ಸಂಖ್ಯೆ 1930.

ನಮ್ಮ ಅಧ್ಯಾಪಕರಲ್ಲಿ ನನ್ನ ಕೋರಿಕೆ ಚಿಕ್ಕದು. ಗಣಿತ ಬೋಧನೆಯ ಪ್ರತಿ ಪ್ರಶಿಕ್ಷಣಾರ್ಥಿಯ ಪಾಠಯೋಜನೆಗಳಲ್ಲಿ ಒಂದಾದರೂ ಊರಿನ ಬಡ್ಡಿಯನ್ನು ಪುಸ್ತಕದ ಬಡ್ಡಿಗೆ ಪರಿವರ್ತಿಸುವ ಪಾಠವಾಗಿರಲಿ. ಅದರ ಮೌಲ್ಯಮಾಪನಕ್ಕೆ ಒಂದೇ ಪ್ರಶ್ನೆ ಸಾಕು: ಮೂರು ರೂಪಾಯಿ ಬಡ್ಡಿಗೂ ಶೇ. 12ರ ಬಡ್ಡಿಗೂ ಯಾವುದು ಹೆಚ್ಚು, ಏಕೆ?