ಕಲ್ಪನಾ ಹೇಳಿದ ‘ಬೇಡ’

ನಮ್ಮ ಚನ್ನಗಿರಿ ಕಡೆ ಹುಡುಗಿ ನೋಡೋಕೆ ಬಂದವರು ಮೊದಲು ಓದು ಕೇಳ್ತಾರೆ. ಕಾಫಿ ಕುಡೀತಾ ಕುಡೀತಾ, ಅಡಿಕೆ ತೋಟ ಎಷ್ಟು ಎಕರೆ, ಗಂಡುಮಕ್ಕಳು ಇದಾರಾ ಅಂತ. ಈ ಎರಡನೇ ಪ್ರಶ್ನೆ ಎಷ್ಟು ಹಳೇದು ಅಂತ ತಿಳೀಬೇಕಾದ್ರೆ ‘ಬೆಳ್ಳಿಮೋಡ’ ನೋಡಿ. 1967ರ ಸಿನಿಮಾ, ಕನ್ನಡದಲ್ಲಿ ಪುಟ್ಟಣ್ಣ ಕಣಗಾಲರ ಮೊದಲ ನಿರ್ದೇಶನ. ಕಾದಂಬರಿ ತ್ರಿವೇಣಿಯವರದ್ದು, ತೆರೆ ಮೇಲೆ ನೋಡೋಕೆ ಅವರಿರಲಿಲ್ಲ, 1963ರಲ್ಲೇ ತೀರಿಕೊಂಡಿದ್ದರು.

ಇಂದಿರಾ ಎಸ್ಟೇಟಿನ ಒಬ್ಬಳೇ ಮಗಳು. ಅವಳಪ್ಪನ ದುಡ್ಡಲ್ಲಿ ಅಮೆರಿಕಕ್ಕೆ ಓದೋಕೆ ಹೋದ ಮೋಹನ್ ವಾಪಸ್ ಬರೋ ಹೊತ್ತಿಗೆ ಅವಳಿಗೊಬ್ಬ ತಮ್ಮ ಹುಟ್ಟಿದಾನೆ. ಆಸ್ತಿ ಕೈತಪ್ಪಿತು, ಮದುವೆನೂ ಬೇಡವಾಯ್ತು. ಆಮೇಲೆ ಪೆಟ್ಟಾಗಿ ಮಲಗಿದವನನ್ನ ಆರೈಕೆ ಮಾಡೋದು ಇಂದಿರಾನೇ. ಆಗ ನಿಜವಾಗ್ಲೂ ಪ್ರೀತಿ ಬರುತ್ತೆ ಅವನಿಗೆ.

ಬೇರೆ ಸಿನಿಮಾ ಆಗಿದ್ರೆ ಇಲ್ಲಿಗೆ ತಾಳಿ, ಶುಭಂ. ಕಲ್ಪನಾ ಮಾಡಿದ ಇಂದಿರಾ ಬೇಡ ಅಂತಾಳೆ. ನ್ಯಾಮತಿಯ ನಮ್ಮತ್ತೆಗೆ ಇವತ್ತಿಗೂ ಸಿಟ್ಟು: “ತಪ್ಪು ಒಪ್ಕೊಂಡ್ನಲ್ಲ, ಇನ್ನೇನು ಬೇಕಿತ್ತು ಆ ಹುಡುಗಿಗೆ?”

ನಾನು ಇಂದಿರಾ ಕಡೆ. ಅವನ ಪ್ರೀತಿ ಸುಳ್ಳಲ್ಲ, ಸರಿ. ಆದ್ರೆ ತನಗೆ ಎಕರೆ ಲೆಕ್ಕದಲ್ಲಿ ಬೆಲೆ ಕಟ್ಟಿದ್ದನ್ನ ಅವಳು ಹೇಗೆ ಮರೀಬೇಕು?

ಜಗಳೂರಿಂದ ನಮ್ಮ ತಂಗಿಗೆ ಬಂದಿದ್ದ ಸಂಬಂಧವೊಂದು ಸೈಟಿನ ಮಾತಿಗೆ ಮುರಿದಿತ್ತು. ಹೋದ ವಾರ ಹುಡುಗನೇ ಫೋನ್ ಮಾಡಿದಾನೆ. ಅವಳಿನ್ನೂ ಉತ್ತರ ಕೊಟ್ಟಿಲ್ಲ.