ಹಿರೇಗುಡ್ಡದ ಕಲ್ಲು ಯಾರ ಪಾಲು?



ಬಳ್ಳಾರಿಯ ಗಣಿ ಎಂದೊಡನೆ ನಮ್ಮ ಮಾತು ಸಂಡೂರಿನ ಅದಿರಿಗೆ ಹೋಗಿ ನಿಲ್ಲುತ್ತದೆ. 2011ರಲ್ಲಿ ಸುಪ್ರೀಂ ಕೋರ್ಟು ಜಿಲ್ಲೆಯ ಕಬ್ಬಿಣದ ಗಣಿಗಾರಿಕೆಗೆ ತಡೆ ಹಾಕಿದ ಸಂಗತಿ ನಾಡಿಗೆಲ್ಲ ಗೊತ್ತು. ಆದರೆ ಬಳ್ಳಾರಿ ನಗರದ ಮಗ್ಗುಲಲ್ಲೇ ಅದಕ್ಕಿಂತ ಸಾವಿರಾರು ವರ್ಷ ಹಳೆಯ ಗಣಿಯೊಂದಿದೆ. ಅದು ಸಂಗನಕಲ್ಲು ಮತ್ತು ಕಪ್ಪಗಲ್ಲು ಊರುಗಳ ನಡುವಿನ ಹಿರೇಗುಡ್ಡ. ಅದರ ಪರವಾಗಿ ಮಾತನಾಡುವವರು ಕಡಿಮೆ. ಅದಕ್ಕೇ ಈ ಬರಹ.

ಗುಡ್ಡದ ಮೈ ಗ್ರಾನೈಟಿನದು. ಅದನ್ನು ಸೀಳಿಕೊಂಡು ಡಾಲರೈಟ್ ಎಂಬ ಕಪ್ಪು ಕಲ್ಲಿನ ಪಟ್ಟೆ ಹಾದುಹೋಗಿದೆ. ಬಹಳ ಹಿಂದೆ ಭೂಮಿಯ ಒಡಲಿನ ಕಲ್ಲಿನ ಕರಗು ಬಿರುಕಿನೊಳಗೆ ಏರಿ ಆರಿದ್ದರಿಂದ ಆದ ಪಟ್ಟೆ ಅದು. ಈ ಕಲ್ಲು ಗಟ್ಟಿ, ಸಣ್ಣ ಕಣದ್ದು. ಬಡಿದರೆ ಹರಿತ ಅಂಚು ಬರುತ್ತದೆ. ಸುಮಾರು ಮೂರೂವರೆ ಸಾವಿರ ವರ್ಷಗಳ ಹಿಂದೆ ಇಲ್ಲಿ ಜನ ಆ ಕಲ್ಲನ್ನು ಕಿತ್ತು, ಕೆತ್ತಿ, ಬಂಡೆಗೆ ಉಜ್ಜಿ ಕೊಡಲಿ ಮಾಡುತ್ತಿದ್ದರು. ಉಜ್ಜಿದ ತಗ್ಗುಗಳೂ ಚಕ್ಕೆಗಳ ರಾಶಿಯೂ ಅಲ್ಲಿ ಉಳಿದಿವೆ. ಹತ್ತೊಂಬತ್ತನೆಯ ಶತಮಾನದಲ್ಲಿ ರಾಬರ್ಟ್ ಬ್ರೂಸ್ ಫೂಟ್ ಈ ನೆಲೆಯ ಬಗ್ಗೆ ಬರೆದರು. 1940ರ ದಶಕದಲ್ಲಿ ಬಿ. ಸುಬ್ಬರಾವ್ ಅಗೆದು ನೋಡಿದರು. ನಮ್ಮ ಕಾಲದಲ್ಲಿ ಧಾರವಾಡದ ರವಿ ಕೋರಿಶೆಟ್ಟರ್ ಮತ್ತು ಸಂಗಡಿಗರು ಆ ಕೆಲಸ ಮುಂದುವರಿಸಿದರು.

ಆ ಜನ ಹುರುಳಿ, ಹೆಸರು, ಕೊರಲೆ ಬೆಳೆದರು, ದನ ಸಾಕಿದರು. ಕಪ್ಪಗಲ್ಲಿನ ಬಂಡೆಗಳ ಮೇಲೆ ಉದ್ದ ಕೊಂಬಿನ ಎತ್ತುಗಳನ್ನು ಕುಟ್ಟಿ ಮೂಡಿಸಿದರು. ಅಲ್ಲಿನ ಕೆಲವು ಕಲ್ಲುಗಳನ್ನು ತಟ್ಟಿದರೆ ಗಂಟೆಯಂತೆ ನಾದ ಬರುತ್ತದೆ. ಕುಡತಿನಿಯ ಬೂದಿಗುಡ್ಡ ಅಂಥ ದನಗಾಹಿಗಳು ಸಗಣಿ ಸುಟ್ಟು ಉಳಿಸಿದ್ದು. ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆಯಲ್ಲೂ ಅದೇ ಕಾಲದ ಊರು ಸಿಕ್ಕಿದೆ. ಕುರುಗೋಡಿನ ದೊಡ್ಡಬಸವೇಶ್ವರನಿಗೆ ಕೈಮುಗಿಯುವ, ಸಗಣಿಯ ವಿಭೂತಿ ಧರಿಸುವ ನಮಗೆ ಈ ಗುರುತುಗಳು ಪರಕೀಯವಲ್ಲ.

ತಲೆಮಾರುಗಟ್ಟಲೆ ಕಲ್ಲು ಕಿತ್ತರೂ ಅವರು ಗುಡ್ಡವನ್ನು ಗುಡ್ಡವಾಗಿಯೇ ಬಿಟ್ಟುಹೋದರು. ಇತ್ತೀಚಿನ ಕಲ್ಲುಗಣಿಗಾರಿಕೆ ಕೆಲವೇ ದಶಕಗಳಲ್ಲಿ ಈ ನೆಲೆಯ ಭಾಗಗಳನ್ನು ನುಂಗಿದೆ. ಚಿತ್ರವಿದ್ದ ಬಂಡೆಯೂ ಸಿಡಿಮದ್ದಿಗೆ ಬರೀ ಬಂಡೆಯೇ.

"ಮನೆಗೆ, ರಸ್ತೆಗೆ ಕಲ್ಲು ಬೇಡವೇ? ಕಲ್ಲು ಒಡೆಯುವವರ ಹೊಟ್ಟೆಪಾಡೇನು?" ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಬಿಸಿಲಲ್ಲಿ ಸುತ್ತಿಗೆ ಹಿಡಿದವರದು ಕಾಯಕವೇ. ನನ್ನ ತಕರಾರು ಅವರ ಮೇಲಲ್ಲ. ಆದರೆ ಬಳ್ಳಾರಿ ಸೀಮೆಯಲ್ಲಿ ಕಲ್ಲಿಗೆ ಬರವಿಲ್ಲ. ಜಲ್ಲಿ ಬೇರೆಡೆ ಸಿಗುತ್ತದೆ. ಹಿರೇಗುಡ್ಡ ಇನ್ನೊಂದು ಸಿಗುವುದಿಲ್ಲ. ಅಗತ್ಯಕ್ಕೆ ತಕ್ಕಷ್ಟು ತೆಗೆದು ಉಳಿದದ್ದನ್ನು ಮುಂದಿನವರಿಗೆ ಬಿಡುವುದೂ ದಾಸೋಹವೇ. ಎಲ್ಲವನ್ನೂ ಒಬ್ಬರೇ ಬಾಚಿಕೊಂಡು ಆಮೇಲೆ ಮಠಕ್ಕೆ ದೇಣಿಗೆ ಕೊಟ್ಟರೆ ಅದು ದಾಸೋಹವಾಗದು. ಅಂಥ ದೇಣಿಗೆಯ ಮೂಲ ಕೇಳುವ ಧೈರ್ಯ ನಮ್ಮ ಮಠಗಳಿಗೆ ಬರಬೇಕು.

ಪೂಜ್ಯರಲ್ಲಿ, ಬಂಧುಗಳಲ್ಲಿ ನನ್ನ ಬಿನ್ನಹ ಮೂರು. ಸಮುದಾಯ ಭವನ, ದಾಸೋಹ ಮನೆ ಕಟ್ಟುವಾಗ ಜಲ್ಲಿ ಯಾವ ಗುಡ್ಡದ್ದೆಂದು ಗುತ್ತಿಗೆದಾರರನ್ನು ಕೇಳೋಣ. ಬಳ್ಳಾರಿ, ಸಿರುಗುಪ್ಪ, ಕುರುಗೋಡಿನ ಮಠಗಳ ಶಾಲೆಗಳು ಮಕ್ಕಳನ್ನು ವರ್ಷಕ್ಕೊಮ್ಮೆ ಈ ಗುಡ್ಡಕ್ಕೆ, ಬಳ್ಳಾರಿಯಲ್ಲಿರುವ ರಾಬರ್ಟ್ ಬ್ರೂಸ್ ಫೂಟ್ ವಸ್ತುಸಂಗ್ರಹಾಲಯಕ್ಕೆ ಕರೆದೊಯ್ಯಲಿ. ಹಿರೇಗುಡ್ಡ, ಕಪ್ಪಗಲ್ಲು ಸೇರಿ ಇಡೀ ನೆಲೆಗೆ ಗಡಿ ಗುರುತಿಸಿ ಕಾಯುವಂತೆ ಜಿಲ್ಲಾಡಳಿತಕ್ಕೆ ಮಠಗಳ ಹೆಸರಿನಲ್ಲೇ ಮನವಿ ಹೋಗಲಿ. ಒಬ್ಬ ಭಕ್ತನ ಅರ್ಜಿ ಕಡತದಲ್ಲಿ ಮಲಗಬಹುದು; ಹತ್ತು ಮಠಗಳು ಒಟ್ಟಾಗಿ ಕೇಳಿದರೆ ಕಚೇರಿ ಉತ್ತರ ಕೊಡಲೇಬೇಕಾಗುತ್ತದೆ.